ಓದಿನ ವರ್ಷ ಎಡಮ್ಯಾರಿಗೆ ಶುರು

ಜನವರಿ ಒಂದರಿಂದ ಓದಿನ ಸಂಕಲ್ಪ ಶುರು ಮಾಡಿ ಎಂದು ಮೊದಲು ಹೇಳಿದವರು ಯಾರೇ ಇರಲಿ, ಅವರು ಕಾಫಿ ಕೊಯ್ಯಿಸಿದವರಂತೂ ಅಲ್ಲ. ನಮ್ಮದು ಕೊಡಗಿನ ಸುಂಟಿಕೊಪ್ಪದ ಆಚೆ ಸಣ್ಣ ತೋಟ. ಇಲ್ಲಿ ಡಿಸೆಂಬರ್ ಕೊನೆ ಅಂದರೆ ಅರೇಬಿಕಾ ಕೊಯ್ಲು ಮುಗಿಯುತ್ತಾ ಬಂದು, ರೋಬಸ್ಟಾ ಹಣ್ಣಾಗಿ ಕೈಗೆ ಬರುವ ಹೊತ್ತು. ಬೆಳಿಗ್ಗೆ ಕೆಲಸದವರು ಬರುವ ಮೊದಲೇ ತಿಂಡಿ ಆಗಿರಬೇಕು. ಸಂಜೆ ಹಣ್ಣು ತೂಕ ಹಾಕಬೇಕು, ಯಾರದು ಎಷ್ಟು ಕೆ.ಜಿ. ಎಂದು ಬರೆದುಕೊಳ್ಳಬೇಕು, ಕಣದಲ್ಲಿ ಹರಡಿದ್ದನ್ನು ಗುಡ್ಡೆ ಮಾಡಿ ಟಾರ್ಪಲ್ ಹೊದಿಸಬೇಕು. ಇಷ್ಟಾಗಿ ಹಂಡೆಯ ಬಿಸಿನೀರು ಮೈಮೇಲೆ ಬಿದ್ದರೆ ಊಟಕ್ಕೆ ಕೂರುವಷ್ಟು ಹೊತ್ತೂ ಕಣ್ಣು ತೆರೆದಿರುವುದಿಲ್ಲ. ಸರಿಯಾಗಿ ಆಗಲೇ ಫೋನು ತೆರೆದರೆ ಎಲ್ಲರದೂ ಒಂದೇ ಪ್ರಶ್ನೆ: ಮುಂದಿನ ವರ್ಷಕ್ಕೆ ಎಷ್ಟು ಪುಸ್ತಕ?

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನನ್ನ ಭಾವನ ಮಗಳಿಗೆ ಈ ಲೆಕ್ಕದ ಹುಚ್ಚು ಜಾಸ್ತಿ. ಗುಡ್‌ರೀಡ್ಸ್ ಎಂಬ ತಾಣದಲ್ಲಿ ಅವಳ ಖಾತೆಯಿದೆ. 2011ರಿಂದ ಪ್ರತಿ ವರ್ಷ ಅಲ್ಲೊಂದು ಓದಿನ ಸವಾಲು ನಡೆಯುತ್ತದೆ. ವರ್ಷದ ಮೊದಲಿಗೆ ನೀವೇ ಒಂದು ಸಂಖ್ಯೆ ಹಾಕಿಕೊಳ್ಳಬೇಕು. ಮುಗಿಸಿದ ಪುಸ್ತಕಗಳು ಒಂದೊಂದಾಗಿ ಅದರ ಲೆಕ್ಕಕ್ಕೆ ಸೇರುತ್ತವೆ. ನಿಧಾನ ಆದರೆ ಇಷ್ಟು ಪುಸ್ತಕ ಹಿಂದಿದ್ದೀರಿ ಎಂದು ಅದೇ ಹೇಳುತ್ತದೆ. ಕಳೆದ ಹುತ್ತರಿ, ಅಂದರೆ ಕೊಡಗಿನ ಸುಗ್ಗಿ ಹಬ್ಬದ ಹೊತ್ತಿಗೆ ಮನೆಗೆ ಬಂದವಳು ನಮ್ಮ ಕಪಾಟಿನ ಮುಂದೆ ನಿಂತು ಪುಸ್ತಕಗಳ ದಪ್ಪವನ್ನು ಹೆಬ್ಬೆರಳು ತೋರುಬೆರಳಿನ ಮಧ್ಯೆ ಹಿಡಿದು ಹಿಡಿದು ನೋಡುತ್ತಿದ್ದಳು.

"ಚಿಕ್ಕಮ್ಮ, ತೆಳ್ಳಗಿರೋದು ಯಾವ್ದಾದ್ರೂ ಇದ್ರೆ ಕೊಡಿ. ನೂರು ಪುಟದ ಒಳಗೆ."

"ಯಾವ ಥರದ್ದು ಬೇಕು? ಕತೆಯಾ, ಪ್ರವಾಸವಾ?"

"ಯಾವ್ದಾದ್ರೂ ಆಗುತ್ತೆ. ಮೂವತ್ತೊಂದನೇ ತಾರೀಕಿನೊಳಗೆ ಇನ್ನೂ ನಾಲ್ಕು ಆಗ್ಬೇಕು ನಂಗೆ."

ಕೊಟ್ಟೆ. ಓದಿದಳು ಕೂಡ. ಹೊರಡುವ ದಿನ, ಅದರಲ್ಲಿ ಏನಿತ್ತು ಎಂದು ಕೇಳಿದೆ. "ಚೆನ್ನಾಗಿತ್ತು" ಎಂದಳು. ಅದಕ್ಕಿಂತ ಹೆಚ್ಚಿಗೆ ಕೇಳಿ ಹುಡುಗಿಯನ್ನು ಪೇಚಿಗೆ ಸಿಕ್ಕಿಸುವುದು ಬೇಡ ಅನ್ನಿಸಿತು. ಬಸ್ಸಿಗೆ ಬೇರೆ ಹೊತ್ತಾಗಿತ್ತು.

ಈ ಸವಾಲುಗಳನ್ನು ನಾನು ತೀರಾ ಹೀಗಳೆಯುವುದಿಲ್ಲ. ಕಾಲೇಜು ಬಿಟ್ಟ ಮೇಲೆ ಪುಸ್ತಕವನ್ನೇ ಮುಟ್ಟದವರು "ಈ ವರ್ಷ ಆರು ಓದುತ್ತೇನೆ" ಎಂದು ಹೊರಟರೆ ಆ ಆರು ಅವರ ಕೈಹಿಡಿದು ನಡೆಸುತ್ತದೆ. ಆದರೆ ಓದುವ ಅಭ್ಯಾಸ ಇದ್ದವರಿಗೆ ಸಂಖ್ಯೆ ಮಾಡುವ ಕೆಲಸವೇ ಬೇರೆ. ದಿನಕ್ಕೆ 20 ಪುಟ ಓದಿದರೆ ವರ್ಷಕ್ಕೆ 7,300 ಪುಟ. 250 ಪುಟದ ಪುಸ್ತಕಗಳಾದರೆ 29 ಆಗುತ್ತವೆ. ಅದೇ 7,300 ಪುಟವನ್ನು 80 ಪುಟದ ಪುಸ್ತಕಗಳಲ್ಲಿ ಓದಿದರೆ 91. ಕಣ್ಣು ಸವೆದದ್ದು ಅಷ್ಟೇ, ಪಟ್ಟಿ ಮಾತ್ರ ಮೂರು ಪಟ್ಟು ಉದ್ದ. ಹೀಗಾದಾಗ ಏಟು ಬೀಳುವುದು ದಪ್ಪ ಪುಸ್ತಕಕ್ಕೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರಿಂದ ಕನ್ನಡದ ಮನೆಗಳಲ್ಲಿ ಕೂತಿದೆ. ಏಳುನೂರು ಪುಟ ದಾಟುವ ಆ ಕಾದಂಬರಿ ಸವಾಲಿನ ಲೆಕ್ಕದಲ್ಲಿ ಬರೀ ಒಂದು. ಅದನ್ನು ಕೈಗೆತ್ತಿಕೊಂಡವನು ಫೆಬ್ರವರಿಯಲ್ಲೇ ಹಿಂದೆ ಬೀಳುತ್ತಾನೆ. ಓದಿದ್ದನ್ನೇ ಮತ್ತೆ ಓದುವ ಸುಖವಂತೂ ಈ ಓಟದಲ್ಲಿ ಯಾರಿಗೂ ನೆನಪೇ ಆಗುವುದಿಲ್ಲ.

ನಮ್ಮ ಮಾವನವರು ಬದುಕಿದ್ದಷ್ಟು ಕಾಲ ಮಳೆಯ ಲೆಕ್ಕ ಬರೆದರು. ಕೊಡಗಿನ ತೋಟದ ಮನೆಗಳಲ್ಲಿ ಇದು ಹೊಸದೇನಲ್ಲ. ಅಂಗಳದ ಬಯಲಲ್ಲಿ, ಮರದ ಹನಿ ಬೀಳದ ಕಡೆ ರೈನ್‌ಗೇಜ್ ಇಟ್ಟಿರುತ್ತಾರೆ. ಬೆಳಿಗ್ಗೆ ಎದ್ದವರು ಅದರ ನೀರನ್ನು ಅಳತೆಯ ಗಾಜಿಗೆ ಸುರಿದು ನೋಡಿ ಬರೆಯುತ್ತಾರೆ. ದೇಶವೆಲ್ಲ ಮಿಲಿಮೀಟರಿಗೆ ಹೋದರೂ ನಮ್ಮಲ್ಲಿ ಇವತ್ತಿಗೂ ಇಂಚು, ಸೆಂಟ್ಸೇ ಮಾತು. ನೂರು ಸೆಂಟ್ಸ್ ಅಂದರೆ ಒಂದು ಇಂಚು. "ನಿಮ್ಮಲ್ಲಿ ಎಷ್ಟು?" "ನಲವತ್ತು ಸೆಂಟ್ಸ್ ಅಷ್ಟೇ, ಮಾದಾಪುರದಲ್ಲಿ ಒಂದು ಇಂಚು ಬಿತ್ತಂತೆ" ಎಂದು ಮಾರ್ಚಿಯಲ್ಲಿ ಸಂತೆಯಲ್ಲಿ ಸಿಕ್ಕವರೆಲ್ಲ ಮಾತಾಡಿಕೊಳ್ಳುತ್ತಾರೆ. ಹೂಮಳೆ ಒಂದಿಂಚಾದರೂ ಬಿದ್ದರೆ ಕಾಫಿ ಹೂ ಸರಿಯಾಗಿ ಬಿಡುತ್ತದೆ, ಅದಕ್ಕೇ ಅಷ್ಟು ಕಾತರ.

ಮಾವನವರ ಡೈರಿಗಳು ಗೊಬ್ಬರದ ಕಂಪನಿಗಳು ಹಂಚುವಂಥವು. ಒಂದೊಂದು ವರ್ಷದ್ದು ಒಂದೊಂದು ಬಣ್ಣ. ಎಡಕ್ಕೆ ತಾರೀಕು, ಪಕ್ಕದಲ್ಲಿ ಇಂಚು, ಅದರ ಮುಂದೆ ಆವತ್ತಿನ ಕೆಲಸ ಒಂದೇ ಸಾಲಿನಲ್ಲಿ: ಕಪಾತು, ಗೊಬ್ಬರ, ಬೋರ್ಡೋ ಔಷಧಿ ಹೊಡೆದದ್ದು, ಚಿಗುರು ತೆಗೆದದ್ದು. ಮಳೆ ಇಲ್ಲದ ದಿನ ಸೊನ್ನೆ ಹಾಕುತ್ತಿದ್ದರು, ಜಾಗ ಖಾಲಿ ಬಿಡುತ್ತಿರಲಿಲ್ಲ. ಈ ವರ್ಷ ಇಷ್ಟು ಇಂಚು ಆಗಲೇಬೇಕು ಎಂದು ಯಾವ ಡೈರಿಯ ಮೊದಲ ಪುಟದಲ್ಲೂ ಬರೆದಿಲ್ಲ. ಬಿದ್ದದ್ದನ್ನು ಬರೆದಿದ್ದಾರೆ. ನನ್ನ ಓದಿನ ಲೆಕ್ಕವೂ ಈಗ ಹಾಗೇ ನಡೆಯುತ್ತಿದೆ. ಮಳೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದ ಮೇಲೆ ಅದೇ ಡೈರಿಯ ಬಲಗಡೆ ಅಂಚಿನಲ್ಲಿ ಪುಸ್ತಕದ ಹೆಸರು, ಎಲ್ಲಿಂದ ಎಲ್ಲಿಯವರೆಗೆ ಓದಿದೆ ಎನ್ನುವುದನ್ನು ಬರೆಯುತ್ತೇನೆ. ಓದದ ದಿನ ಅಲ್ಲೂ ಸೊನ್ನೆ. ವರ್ಷದ ಕೊನೆಗೆ ತಿರುವಿ ನೋಡಿದರೆ ಯಾವ ತಿಂಗಳು ನನ್ನ ಓದು ಒಣಗುತ್ತದೆ, ಯಾವ ತಿಂಗಳು ಸುರಿಯುತ್ತದೆ ಎನ್ನುವುದು ಕಣ್ಣಿಗೆ ಕಾಣುತ್ತದೆ. ಒಂದು ತಮಾಷೆ ಅಂದರೆ ಎಡಗಡೆ ಇಂಚು ಜಾಸ್ತಿಯಾದ ತಿಂಗಳಲ್ಲೇ ಬಲಗಡೆ ಪುಟವೂ ಜಾಸ್ತಿ.

ಹೊಸ ವರ್ಷಕ್ಕೆ ನಮ್ಮಲ್ಲೇನು ಬರವೇ? ಜನವರಿ ಒಂದು ಬ್ಯಾಂಕಿನವರದು, ಕ್ಯಾಲೆಂಡರಿನವರದು. ನಮ್ಮ ಮನೆಗೆ ಯುಗಾದಿ. ಅದು ಚಂದ್ರನ ಲೆಕ್ಕವಾದ್ದರಿಂದ ತಾರೀಕು ವರ್ಷವೂ ಅತ್ತಿತ್ತ ಓಡಾಡುತ್ತದೆ. ಪಕ್ಕದ ತೋಟದ ಕೊಡವರ ಮನೆಯಲ್ಲಿ ಎಡಮ್ಯಾರ್ ಒಂದು, ಅಂದರೆ ಸೌರಮಾನದ ವರ್ಷಾರಂಭ. ಏಪ್ರಿಲ್ 14ರ ಹೊತ್ತಿಗೆ ಬರುತ್ತದೆ. ಆವತ್ತು ಬೆಳಿಗ್ಗೆ ಗದ್ದೆಗಿಳಿದು ನೇಗಿಲು ಹೂಡಿ ಒಂದೆರಡು ಸಾಲು ಉಳುವ ಶಾಸ್ತ್ರ. ತುಳು, ಮಲಯಾಳ ಮಾತಾಡುವವರಿಗೂ ಬಿಸು, ವಿಷು ಎಂದು ಅದೇ ಸುಮಾರಿನ ಹಬ್ಬ. ಉತ್ತ ಮಾತ್ರಕ್ಕೆ ಫಸಲು ಬಂದೇಬಿಡುತ್ತದೆ ಎಂದು ಆವತ್ತು ಯಾರೂ ಸಾರುವುದಿಲ್ಲ, ಕೆಲಸಕ್ಕೆ ಕೈ ಹಚ್ಚುತ್ತಾರೆ ಅಷ್ಟೇ. ಓದಿನ ವರ್ಷಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ನನಗೆ ತೋಚುವುದಿಲ್ಲ.

ತೋಚದಿರುವುದಕ್ಕೆ ಲೆಕ್ಕದ ಕಾರಣವೂ ಇದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲಾಲಿ ಮತ್ತು ಜೊತೆಯವರು 96 ಜನರನ್ನು ಹನ್ನೆರಡು ವಾರ ಗಮನಿಸಿ, ಹೊಸ ಅಭ್ಯಾಸವೊಂದು ತಾನಾಗಿ ನಡೆಯುವಂತಾಗಲು ಎಷ್ಟು ದಿನ ಬೇಕು ಎಂದು ನೋಡಿದ್ದರು. ಸರಾಸರಿ 66 ದಿನ. ಒಬ್ಬೊಬ್ಬರಿಗೆ 18, ಮತ್ತೊಬ್ಬರಿಗೆ 254; ಹನ್ನೆರಡು ವಾರ ದಾಟುವ ಅಂಕಿಗಳು ಅಲ್ಲಿಯವರೆಗಿನ ಗತಿ ನೋಡಿ ಹಾಕಿದ ಅಂದಾಜು. ದಿನದ ಯಾವುದಾದರೂ ಒಂದು ಖಾಯಂ ಕೆಲಸದ ಬೆನ್ನಿಗೆ ಹೊಸ ಅಭ್ಯಾಸವನ್ನು ಕಟ್ಟಿದ್ದರು, ಉದಾಹರಣೆಗೆ ತಿಂಡಿ ಆದ ಮೇಲೆ. ಮಧ್ಯೆ ಒಂದು ದಿನ ತಪ್ಪಿದರೆ ಏನೂ ಹಾಳಾಗಲಿಲ್ಲ. ಈಗ ನೋಡಿ, ಜನವರಿ ಒಂದರಿಂದ 66 ದಿನ ಎಣಿಸಿದರೆ ಮಾರ್ಚ್ ಮೊದಲ ವಾರ. ರೋಬಸ್ಟಾ ಕೊಯ್ಲು, ಒಣಗಿಸುವುದು, ಒಳ್ಳೆಮೆಣಸಿಗೆ ಏಣಿ ಇಡುವುದು, ಮಳೆ ಕೈಕೊಟ್ಟರೆ ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಪೈಪು ಬದಲಿಸುವುದು, ಎಲ್ಲವೂ ಆ 66 ದಿನದೊಳಗೇ. ಎಳೆಯ ಅಭ್ಯಾಸವನ್ನು ತುಳಿಯಲು ಇಷ್ಟು ಸಾಕು. ಅದೇ ಏಪ್ರಿಲ್ 14ರಿಂದ ಎಣಿಸಿ. 66ನೇ ದಿನ ಜೂನ್ 18. ಮುಂಗಾರು ಹಿಡಿದು, ಮನೆಯೊಳಗೆ ಕೂರಲೇಬೇಕಾದ ಹೊತ್ತಿಗೆ ಸರಿಯಾಗಿ ಅಭ್ಯಾಸ ಬೇರು ಬಿಟ್ಟಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲೂ ತೋಟದಲ್ಲಿ ಕೆಲಸ ಇಲ್ಲವೆಂದಲ್ಲ. ಮದುವೆ, ನೆಂಟರು, ರಜೆಗೆ ಬಂದ ಮಕ್ಕಳು, ಮರ ಕಪಾತು ಎಲ್ಲ ಇದೆ. ಆದರೆ ಹಗಲು ಉದ್ದ, ಸಂಜೆಗೆ ಕಣದ ಕೆಲಸ ಇಲ್ಲ. ಕಾಫಿ ಕುಡಿದ ಲೋಟ ತೊಳೆದಿಟ್ಟ ಕೂಡಲೇ ಜಗಲಿಯಲ್ಲಿ ಹತ್ತು ಪುಟ ಎಂದು ಗೊತ್ತು ಮಾಡಿಕೊಂಡರೆ ನಡೆದುಹೋಗುತ್ತದೆ.

ಮಳೆಗಾಲ ದಪ್ಪ ಪುಸ್ತಕದ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಕರೆಂಟು ಹೋದರೆ ಯಾವಾಗ ಬಂತು ಎನ್ನುವುದು ಸುದ್ದಿ. ಮರ ತಂತಿಯ ಮೇಲೆ ಬಿದ್ದರೆ ಎರಡು ಮೂರು ದಿನ ಕತ್ತಲು, ಆಮೇಲೆ ಫೋನಿನ ಟವರೂ ಮಲಗುತ್ತದೆ. ಆಗ ಏಳುನೂರು ಪುಟ ಉದ್ದ ಅನ್ನಿಸುವುದೇ ಇಲ್ಲ. ಮಲೆನಾಡಿನ ಮಳೆಯ ಕತೆಯನ್ನು ಹಂಚಿನ ಮೇಲೆ ಮಳೆ ಹೊಡೆಯುವಾಗ ಓದುವುದಕ್ಕೂ, ಫೆಬ್ರವರಿಯ ಧೂಳಿನಲ್ಲಿ ಓದುವುದಕ್ಕೂ ವ್ಯತ್ಯಾಸ ಇದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದರೆ ಆಗಸ್ಟ್ ಮೂರರ ಆಸುಪಾಸು, ಮದ್ದುಸೊಪ್ಪಿನ ಪಾಯಸ ಮಾಡುವಾಗ ನನ್ನ ದಪ್ಪ ಪುಸ್ತಕ ಅರ್ಧ ದಾಟಿರಬೇಕು ಎಂಬುದು ನಾನು ಇಟ್ಟುಕೊಂಡಿರುವ ಒಂದೇ ಗುರಿ. ಸೊಪ್ಪಿನ ನೇರಳೆ ಬಣ್ಣ ಬೆರಳಿಗೆ ಹತ್ತಿರುತ್ತದೆ, ಆವತ್ತು ಪುಸ್ತಕ ಮುಟ್ಟಬಾರದು. ನಮ್ಮ ಮನೆಯ ಎರಡು ಕಾದಂಬರಿಗಳ ಅಂಚಿನಲ್ಲಿ ಆ ಬಣ್ಣ ಈಗಲೂ ಇದೆ.

ಪುಸ್ತಕ ಉಳಿಸಿಕೊಳ್ಳುವುದು ಈ ಜಿಲ್ಲೆಯಲ್ಲಿ ಓದುವುದರಷ್ಟೇ ದೊಡ್ಡ ಸವಾಲು, ಅದಕ್ಕೆ ಯಾವ ತಾಣವೂ ಪದಕ ಕೊಡುವುದಿಲ್ಲ. ಜುಲೈ ಬಂತೆಂದರೆ ರಟ್ಟಿನ ಮೇಲೆ ಬೂದಿ ಚೆಲ್ಲಿದ ಹಾಗೆ ಬೂಷ್ಟು. ಪುಟಗಳು ಮೆತ್ತಗಾಗಿ, ತಿರುಗಿಸಿದರೆ ಸದ್ದೇ ಬರುವುದಿಲ್ಲ. ಗೋಂದು ಹಾಕಿ ಕಟ್ಟಿದ ಹೊಸ ಪುಸ್ತಕಗಳು ಮೊದಲು ಬಾಯಿ ಬಿಡುತ್ತವೆ. ಹಳೆಯ ಕಾಲದ ದಾರದ ಹೊಲಿಗೆಯವು ಗಟ್ಟಿ. ನಾವು ಕಪಾಟಿನೊಳಗೆ ನಲವತ್ತು ವ್ಯಾಟಿನ ಬಲ್ಬು ಉರಿಸುತ್ತೇವೆ. ಕರೆಂಟು ಇಲ್ಲದ ವಾರ, ಓದುತ್ತಿರುವ ಪುಸ್ತಕವನ್ನು ರಾತ್ರಿ ಒಲೆಯ ಮೇಲಿನ ಅಟ್ಟದ ಪಕ್ಕ ಇಡುತ್ತೇನೆ. ಹೊಗೆ ವಾಸನೆ ಹಿಡಿಯುತ್ತದೆ. ಹಿಡಿಯಲಿ. ಬೂಷ್ಟನ್ನು ಒದ್ದೆ ಬಟ್ಟೆಯಲ್ಲಿ ಮಾತ್ರ ಒರೆಸಬೇಡಿ, ಒಣ ಬಟ್ಟೆಯಲ್ಲಿ ಒರೆಸಿ ಬಿಸಿಲು ಕಂಡ ದಿನ ನೆರಳಲ್ಲಿ ಬಿಡಿಸಿ ನಿಲ್ಲಿಸಿ.

2018ರ ಆಗಸ್ಟ್ ಆದ ಮೇಲೆ ಮಳೆಗಾಲದ ಓದನ್ನು ಬರೀ ಸುಖದ ಮಾತಾಗಿ ಹೇಳಲು ನಾಲಿಗೆ ತಡೆಯುತ್ತದೆ. ಗುಡ್ಡ ಜರಿದ ಊರುಗಳು ನಮಗೆ ದೂರದವಲ್ಲ. ಜೋರು ಮಳೆಯ ರಾತ್ರಿ ಈಗ ಕಿವಿ ಗುಡ್ಡದ ಕಡೆಗೇ ಇರುತ್ತದೆ, ಕೈಯಲ್ಲಿ ಪುಸ್ತಕ ಇದ್ದರೂ ಸಾಲು ಮುಂದಕ್ಕೆ ಹೋಗುವುದಿಲ್ಲ. ಆ ದಿನಗಳಲ್ಲಿ ಡೈರಿಯ ಎಡಗಡೆ ದೊಡ್ಡ ಅಂಕಿ, ಬಲಗಡೆ ಸೊನ್ನೆ.

ಕೊಯ್ಲಿನ ತಿಂಗಳುಗಳಿಗೆ ಸಣ್ಣ ಕತೆ ಒಗ್ಗುತ್ತದೆ. ಇಪ್ಪತ್ತು ನಿಮಿಷಕ್ಕೆ ಒಂದು ಮುಗಿಯಬೇಕು, ಮುಗಿದ ಮೇಲೆ ಮರುದಿನ ಕಣದಲ್ಲಿ ಕಾಫಿ ಎಳೆಯುವಾಗ ತಲೆಯಲ್ಲಿ ಓಡಾಡುತ್ತಿರಬೇಕು. ಇದಕ್ಕೆ ನನಗೆ ಸಿಕ್ಕವರು ನಮ್ಮ ಊರಿನ ಪಕ್ಕದವರೇ ಆದ ಕೊಡಗಿನ ಗೌರಮ್ಮ. 1912ರಲ್ಲಿ ಹುಟ್ಟಿ, 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡಾಗ ಆಕೆಗೆ ಇನ್ನೂ ಮೂವತ್ತಾಗಿರಲಿಲ್ಲ. ಸುಂಟಿಕೊಪ್ಪದ ಬಳಿಯ ಕಾಫಿ ತೋಟದ ಮನೆಯಲ್ಲಿದ್ದು ಬರೆದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಬಿಚ್ಚಿ ಕೊಟ್ಟದ್ದು ಇಲ್ಲಿ ಈಗಲೂ ಜನ ಹೇಳುವ ಸಂಗತಿ. 'ಕಂಬನಿ', 'ಚಿಗುರು' ಎಂಬ ಎರಡು ಸಂಕಲನಗಳಲ್ಲಿ ಅವರ ಕತೆಗಳಿವೆ. ವಿಧವೆಯರ ಮಾತು, ವರದಕ್ಷಿಣೆಯ ಮಾತು, ಓದಿದ ಹುಡುಗಿಯ ಮನೆಯೊಳಗಿನ ಸಂಕಟ, ಇದನ್ನೆಲ್ಲ ಮೂವತ್ತರ ದಶಕದಲ್ಲಿ ಅಷ್ಟು ಸರಾಗವಾಗಿ ಬರೆದ ಹೆಂಗಸು ನಾನು ದಿನಾ ಓಡಾಡುವ ದಾರಿಯಲ್ಲಿ ಓಡಾಡಿದ್ದರು ಎಂದರೆ ಕತೆ ಬೇರೆಯೇ ರೀತಿ ಓದಿಸಿಕೊಳ್ಳುತ್ತದೆ. ಸವಾಲಿನ ಪಟ್ಟಿ ತುಂಬಿಸುವ ಅವಸರದಲ್ಲಿ ಎರಡೂ ಸಂಕಲನಗಳನ್ನು ಎರಡೇ ಸಂಜೆಯಲ್ಲಿ ಮುಗಿಸಬಹುದು. ಹಾಗೆ ಮಾಡಬೇಡಿ, ದಿನಕ್ಕೊಂದೇ ಕತೆ.

ಹುತ್ತರಿಯ ತಿಂಗಳು ಓದುವುದಕ್ಕಿಂತ ಕೇಳುವುದು ಹೆಚ್ಚು. ನಡಿಕೇರಿಯಂಡ ಚಿಣ್ಣಪ್ಪ ಅವರು ಕೊಡವರ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ತಂದ 'ಪಟ್ಟೋಲೆ ಪಳಮೆ' ಕನ್ನಡ ಲಿಪಿಯಲ್ಲೇ ಇದೆ. ಅಕ್ಷರ ನಮ್ಮದು, ಭಾಷೆ ಪಕ್ಕದ ಮನೆಯದು. ಕಣ್ಣಲ್ಲಿ ಓದಿದರೆ ನನಗೆ ಅರ್ಧಂಬರ್ಧ. ದುಡಿ ಹಿಡಿದು ಹಾಡುವವರ ಪಕ್ಕ ಕೂತು ಪುಸ್ತಕ ಬಿಡಿಸಿಕೊಂಡರೆ ಸಾಲುಗಳು ತಾವಾಗಿ ಹೊಂದಿಕೊಳ್ಳುತ್ತವೆ. ವರ್ಷಕ್ಕೆ ಒಂದೇ ಹಾಡು ಅರ್ಥವಾದರೂ ನನಗೆ ಸಾಕು. ಈ ಪುಸ್ತಕ ನನ್ನ ಪಟ್ಟಿಯಲ್ಲಿ 'ಮುಗಿದದ್ದು' ಎಂದು ಎಂದೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಪುಸ್ತಕ ಎಲ್ಲಿಂದ ಎಂಬ ಪ್ರಶ್ನೆಗೆ ನನ್ನ ಉತ್ತರ ಪಂಚಾಯಿತಿ ಲೈಬ್ರರಿ. 2019ರಲ್ಲಿ ಇವು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದು, ಈಗ ಬೋರ್ಡಿನ ಮೇಲೆ 'ಅರಿವು ಕೇಂದ್ರ' ಎಂದಿದೆ. ಎದುರಿನ ಸಾಲಿನಲ್ಲೆಲ್ಲ ಪರೀಕ್ಷೆಯ ಗೈಡುಗಳೇ ಕಾಣುತ್ತವೆ, ಹೆದರಬೇಡಿ. ಕೆಳಗಿನ ಅರೆಯಲ್ಲಿ, ಬಗ್ಗಿ ನೋಡಬೇಕಾದ ಕಡೆ, ಒಳ್ಳೆಯ ಕಾದಂಬರಿಗಳು ಇರುತ್ತವೆ. ಕೊಳ್ಳುವುದಾದರೆ ನವೆಂಬರಿನಲ್ಲಿ, ರಾಜ್ಯೋತ್ಸವದ ರಿಯಾಯಿತಿ ಇರುವಾಗ ಕೊಂಡು ಮಳೆಗಾಲಕ್ಕೆ ಎತ್ತಿಡುತ್ತೇನೆ. ಸೌದೆಯನ್ನೂ ಹಾಗೇ ಅಲ್ಲವೇ ಕೂಡಿಡುವುದು.

ಇನ್ನು ಅರ್ಧಕ್ಕೆ ಬಿಟ್ಟ ಪುಸ್ತಕಗಳ ವಿಚಾರ. ಬಿಡಬೇಕು. ಐವತ್ತು ಪುಟಕ್ಕೆ ಹಿಡಿಸದ್ದು ಇನ್ನೂರಕ್ಕೂ ಹಿಡಿಸುವುದು ಅಪರೂಪ. ಡೈರಿಯಲ್ಲಿ 'ಬಿಟ್ಟೆ' ಎಂದು ಬರೆದರೆ ಆಯಿತು.

ನಮ್ಮ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೂ ಸಣ್ಣ ಅಕ್ಷರ ಹತ್ತುವುದಿಲ್ಲ. ಹೋದ ಮಳೆಗಾಲದಿಂದ ರಾತ್ರಿ ಊಟ ಆದ ಮೇಲೆ ಅವರಿಗೆ ಓದಿ ಹೇಳುತ್ತಿದ್ದೇನೆ. ಗಟ್ಟಿಯಾಗಿ ಓದಿದರೆ ಪುಟ ಸಾಗುವುದೇ ಇಲ್ಲ, ಯಾಕೆಂದರೆ ಅವರು ಪ್ರತಿ ಪಾತ್ರಕ್ಕೂ ಒಬ್ಬ ನೆಂಟನನ್ನು ಹುಡುಕುತ್ತಾರೆ. "ಇವನು ನಮ್ಮ ಶನಿವಾರಸಂತೆ ಚಿಕ್ಕಪ್ಪನ ಥರ" ಎಂದು ಶುರುವಾದರೆ ಆ ಚಿಕ್ಕಪ್ಪನ ಜಮೀನಿನ ತಗಾದೆ ಮುಗಿದ ಮೇಲೆಯೇ ಕಾದಂಬರಿ ಮುಂದುವರಿಯಬೇಕು. ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಚಿಕ್ಕಪ್ಪನ ಕತೆ ಎಷ್ಟೋ ಸಲ ಪುಸ್ತಕದ ಕತೆಗಿಂತ ಚೆನ್ನಾಗಿರುತ್ತದೆ.

ಈ ಸುದ್ದಿ ಭಾವನ ಮಗಳಿಗೆ ಗೊತ್ತಾಗಿ ವಿಡಿಯೋ ಕಾಲ್ ಮಾಡಿದ್ದಳು.

"ಚಿಕ್ಕಮ್ಮ, ಅದು ನಿಮ್ಮ ಲೆಕ್ಕಕ್ಕಾ, ಅಜ್ಜಿ ಲೆಕ್ಕಕ್ಕಾ?"

"ಇಬ್ಬರದೂ ಇರ್ಲಿ ಬಿಡೇ."

"ಹಾಗಾದ್ರೆ ಅಜ್ಜಿ ಹೆಸರಲ್ಲೂ ಒಂದು ಖಾತೆ ತೆರೀತೀನಿ. ಅಜ್ಜಿ, ಈ ವರ್ಷಕ್ಕೆ ಎಷ್ಟು ಹಾಕ್ಲಿ? ಹತ್ತು?"

ಅತ್ತೆ ಫೋನಿನ ಕಡೆ ತಿರುಗಲೂ ಇಲ್ಲ. "ಮೊದಲು ಇದರಲ್ಲಿರೋ ಆ ಹುಡುಗಿ ಮದುವೆ ಆಗ್ಲಿ ಸುಮ್ನಿರು" ಎಂದು ನನ್ನ ಮೊಣಕೈ ತಟ್ಟಿದರು, "ನೀನು ಓದು, ಅವಳ ಅಪ್ಪ ಒಪ್ಪಿದ್ನಾ ಇಲ್ವಾ?"